ಮೈಕಮ್ಮನ ಗಂಟಲು ಕಟ್ಟಿದ ಹಬ್ಬ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬಂತೆಂದು ಮೈಕಿನಲ್ಲಿ ಹೇಳುವ ಹೆಂಗಸಿಗೆ ಊರವರು ಇಟ್ಟ ಹೆಸರು ಮೈಕಮ್ಮ. ಅವಳ ಮುಖ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ, ದನಿ ಮಾತ್ರ ಊರಿಗೆಲ್ಲ ಗೊತ್ತಿತ್ತು. ಕಿರಾಣಿ ಅಂಗಡಿಯಲ್ಲಿ ಅವಳು "ಅರ್ಧ ಕೆಜಿ ಸಕ್ಕರೆ ಕೊಡಿ" ಅಂದರೆ ಸಾಕು, ಪಕ್ಕದಲ್ಲಿ ನಿಂತವರು ಬಸ್ಸು ಹೊರಟೇಬಿಟ್ಟಿತೇನೋ ಎಂದು ಗಾಬರಿಯಾಗಿ ಚೀಲ ಎತ್ತಿಕೊಳ್ಳುತ್ತಿದ್ದರು.

ನಿಲ್ದಾಣದ ಗೋಡೆಗೆ ತಾಗಿಕೊಂಡೇ ದೊಡ್ಡ ಮೈದಾನ. ಗುಡಿಯವರ ಜಾತ್ರೆಯಾಗಲಿ, ದರ್ಗಾದವರದಾಗಲಿ, ಚರ್ಚಿನವರದಾಗಲಿ, ಎಲ್ಲ ನಡೆಯುತ್ತಿದ್ದದ್ದು ಅಲ್ಲೇ. ಎಷ್ಟೋ ವರ್ಷದ ಹಿಂದೆ ಗುಡಿಯ ಜಾತ್ರೆಯಲ್ಲಿ ತಪ್ಪಿಸಿಕೊಂಡ ಒಂದು ಮಗುವನ್ನು ಯಾರೋ ಅವಳ ಕಿಟಕಿಗೆ ತಂದು ನಿಲ್ಲಿಸಿದ್ದರು. ಎರಡು ಬಸ್ಸುಗಳ ನಡುವೆ ಸಿಕ್ಕ ಬಿಡುವಿನಲ್ಲಿ ಅವಳು ಮಗುವಿನ ಗುರುತು ಹೇಳಿದಳು. ತಾಯಿ ಓಡಿಬಂದಳು. ಮರುವರ್ಷ ಜಾತ್ರೆಯ ಮೈಕಿಗೆ ಕೂರಲು ಗುಡಿಯ ಸಮಿತಿಯವರು ಮನೆಗೇ ಬಂದು ಕರೆದರು. ಅದನ್ನು ಕಂಡು ದರ್ಗಾದವರೂ ಕರೆದರು, ಆಮೇಲೆ ಚರ್ಚಿನವರೂ. ಯಾರ ಹಬ್ಬವಾದರೇನು, ಜನ ಕಳೆದುಹೋಗುವುದು ಮಾತ್ರ ಒಂದೇ ಥರ. ಅವಳು ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು, ಹಬ್ಬ ತನ್ನದೇ ಅನ್ನುವಂತೆ ಹೋಗಿ ಕೂರುತ್ತಿದ್ದಳು.

ಮನೆಯಲ್ಲಿ ಇದ್ದವರು ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, ಮತ್ತೆ ಅತ್ತೆ. ಅತ್ತೆಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ತಾವು ಪಿಸುಗುಟ್ಟುತ್ತಿದ್ದೇವೆ ಅಂದುಕೊಂಡು ಆಡಿದ ಮಾತು ಮೂರನೆಯ ಮನೆಗೆ ಕೇಳಿಸುತ್ತಿತ್ತು. ಆದರೂ ಸೊಸೆಯನ್ನು ಕಂಡಾಗಲೆಲ್ಲ, "ಊರೂರಿಗೆ ಕೂಗಿ ಹೇಳೋದೂ ಒಂದು ಕೆಲಸವೇನೇ? ನಮ್ಮ ಮನೆತನದಲ್ಲಿ ಹೆಂಗಸರ ದನಿ ಹೊಸ್ತಿಲು ದಾಟಿದ್ದಿಲ್ಲ" ಅನ್ನುತ್ತಿದ್ದರು. ಅದನ್ನು ಕೇಳಿ ಎದುರುಮನೆಯವರು ನಗುತ್ತಿದ್ದರು.

ಚಂದ್ರನನ್ನು ನೋಡಿ ಹಬ್ಬ ಮಾಡುವವರು, ನಕ್ಷತ್ರ ನೋಡಿ ಮಾಡುವವರು, ಕ್ಯಾಲೆಂಡರಿನ ತಾರೀಕು ನೋಡಿ ಮಾಡುವವರು, ಆ ವರ್ಷ ಮೂವರ ಲೆಕ್ಕವೂ ಒಂದೇ ತಿಂಗಳಿಗೆ ಬಂದು ಬಿತ್ತು. ಮೈದಾನದಲ್ಲಿ ದೊಡ್ಡ ತಿರುಗು ತೊಟ್ಟಿಲನ್ನು ಬಿಚ್ಚಲೇ ಇಲ್ಲ. ಬಣ್ಣದ ಬಲ್ಬಿನ ಸರಗಳೂ ಕಟ್ಟಿದ ಹಾಗೇ ಉಳಿದವು. ಬಾಗಿಲಿನ ಕಮಾನಿನ ಮೇಲಿನ ಬಟ್ಟೆಯ ಬ್ಯಾನರ್ ಮಾತ್ರ ಬದಲಾಗುತ್ತ ಹೋಯಿತು. ಗುಡಿಯದು ಮುಗಿಯಿತು, ದರ್ಗಾದ್ದು ಮುಗಿಯಿತು. ಚರ್ಚಿನ ಹಬ್ಬದ ದಿನ ಬೆಳಿಗ್ಗೆ ಮೈಕಮ್ಮ ಎದ್ದು ಗಂಡನಿಗೆ "ಕಾಫಿ ಆಯ್ತು" ಅನ್ನಲು ಬಾಯಿ ತೆರೆದರೆ ಬರೀ ಗಾಳಿ ಬಂತು.

ಹೋಗದಿರಲು ಮನಸ್ಸಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸರಿಹೋದೀತು ಎಂದು ಕೊರಳಿಗೆ ಮಫ್ಲರ್ ಸುತ್ತಿಕೊಂಡು ಹೊರಟಳು. ಬಿಸಿನೀರಿನ ಫ್ಲಾಸ್ಕ್ ಹಿಡಿದು ಅತ್ತೆಯೂ ಬೆನ್ನಿಗೆ ಬಿದ್ದರು. "ಕಾಯಿಲೆ ಬಿದ್ರೆ ನೋಡ್ಕೊಳ್ಳೋಳು ನಾನು ತಾನೇ? ನಡಿ" ಅಂದರು.

ಹಲಗೆ ಅಟ್ಟಣಿಗೆಯ ಮೇಲೆ ಒಂದು ಮೇಜು, ಎರಡು ಕುರ್ಚಿ, ಒಂದು ಮೈಕು. ಅಲ್ಲಿಂದ ಇಡೀ ಮೈದಾನ ಅಂಗೈ ಮೇಲಿನ ಹಾಗೆ ಕಾಣುತ್ತಿತ್ತು. ಅವರು ಕೂತು ಇನ್ನೂ ಬೆವರು ಒರೆಸಿಕೊಂಡಿರಲಿಲ್ಲ, ಹಳದಿ ಅಂಗಿಯ ಹುಡುಗನೊಬ್ಬ ಮೂಗು ಸೋರಿಸಿಕೊಂಡು ಅಳುತ್ತ ಬಂದ. ಮೈಕಮ್ಮ ಮೈಕಿನ ಮುಂದೆ ಬಾಯಿ ತೆರೆದಳು. ಮೈದಾನದ ಹಾರ್ನ್ ಸ್ಪೀಕರುಗಳಲ್ಲಿ ಬಾಗಿಲ ಕೀಲು ಕಿರುಗುಟ್ಟಿದಂಥ ಸದ್ದು ಬಂತು, ಅಷ್ಟೇ.

"ಕೊಡಕ್ಕ, ನಾನು ಹೇಳ್ತೀನಿ" ಎಂದು ಮೈಕ್‌ಸೆಟ್ಟಿನವನು ಮುಂದೆ ಬಂದ. ಆದರೆ ಜೀವಮಾನದಲ್ಲಿ ಅವನು ಮೈಕಿನಲ್ಲಿ ಆಡಿದ್ದು ಒಂದೇ ಮಾತು. "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅಂದವನೇ ಅಲ್ಲಿಗೇ ನಿಂತುಬಿಟ್ಟ. ಕಿವಿ ಕೆಂಪಾಯಿತು. ಪಾಪ, ಚರ್ಚಿನ ಫಾದರ್ ತಾವೇ ಮೈಕು ಹಿಡಿದು ನೋಡಿದರು. ಅವರು ಹಳದಿ ಅಂಗಿಯ ಬಗ್ಗೆ ಹೇಳತೊಡಗಿದರೂ ರಾಗ ಮಾತ್ರ ಪ್ರಾರ್ಥನೆಯದೇ. ಮೈದಾನದಲ್ಲಿ ಅರ್ಧ ಜನ ಟೋಪಿ ತೆಗೆದು ತಲೆ ತಗ್ಗಿಸಿ ನಿಂತರು. ಮಗುವನ್ನು ಹುಡುಕುವವರು ಯಾರೂ ಕಾಣಲಿಲ್ಲ.

ಅತ್ತೆಗೆ ತಡೆಯಲಾಗಲಿಲ್ಲ. ಫ್ಲಾಸ್ಕನ್ನು ಸೊಸೆಯ ಕೈಗಿಟ್ಟು ಮೈಕನ್ನು ಎಳೆದುಕೊಂಡರು.

"ಯಾವನಯ್ಯಾ ಅವನು, ಮಗು ಬಿಟ್ಟು ತಿರುಗ್ತಿರೋನು? ಹಳದಿ ಅಂಗಿ, ಎಡಗಾಲಲ್ಲಿ ಚಪ್ಪಲಿ ಇಲ್ಲ! ಅಪ್ಪ ಅಮ್ಮ ಇಬ್ಬರಿಗೂ ಹೇಳ್ತಿದೀನಿ, ಮಗು ಇನ್ನೊಬ್ಬರ ಹತ್ರ ಇದೆ ಅಂತ ತಿಳ್ಕೊಂಡು ಆರಾಮಾಗಿ ತಿನ್ಕೊಂಡು ನಿಂತಿದೀರಲ್ಲ, ಬಾಯಿ ಒರೆಸ್ಕೊಂಡು ಬನ್ನಿ!"

ತೊಟ್ಟಿಲ ಕಡೆಯಿಂದ ಅಪ್ಪ, ಬಳೆ ಅಂಗಡಿ ಕಡೆಯಿಂದ ಅಮ್ಮ, ಇಬ್ಬರೂ ಬಾಯಿ ಒರೆಸಿಕೊಳ್ಳುತ್ತಲೇ ಓಡಿಬಂದರು. ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಅತ್ತೆಯನ್ನು ಹಿಡಿಯುವವರಿಲ್ಲ. ತೊಟ್ಟಿಲಿಗೆ ಸಾಲು ಮುರಿದು ನುಗ್ಗುವವರಿಗೆ ಬೈದರು. ಹೆಂಡತಿಯನ್ನು ಕಳೆದುಕೊಂಡು ಬಂದ ಗಂಡಸಿಗೆ "ಅವಳ ಸೀರೆ ಬಣ್ಣ ಯಾವುದು ಅಂತ್ಲೂ ಗೊತ್ತಿಲ್ವಾ? ಹಾಗಾದ್ರೆ ಸಿಗೋದು ಬೇಡ ಬಿಡು" ಅಂದರು. ಮೈಕಿನಲ್ಲೇ ಅಂದದ್ದರಿಂದ ಹೆಂಡತಿ ತಾನಾಗಿ ಬಂದಳು, ಅವಳ ಹಿಂದೆ ಇನ್ನೊಂದಿಷ್ಟು ಹೆಂಗಸರೂ ಚಪ್ಪಾಳೆ ತಟ್ಟುತ್ತ ಬಂದರು. ಜನ ಅಟ್ಟಣಿಗೆ ಸುತ್ತ ನೆರೆದು "ಅಜ್ಜಿ, ಇನ್ನೊಂದು!" ಎಂದು ಕೂಗಿದರು.

ಮೈಕಮ್ಮ ಎಲ್ಲರ ಜೊತೆ ನಕ್ಕಳು. ಆದರೂ ಕಣ್ಣು ಮೈಕಿನ ಮೇಲೇ ಇತ್ತು. ಇಷ್ಟು ವರ್ಷ ನನ್ನದು ಅಂದುಕೊಂಡ ಜಾಗದಲ್ಲಿ ಅತ್ತೆ ಒಂದೇ ಗಳಿಗೆಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರಲ್ಲ. ಇನ್ನು ತನ್ನನ್ನು ಯಾರು ಕರೆದಾರು?

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಹೆಂಗಸೊಬ್ಬಳು ಪುಟ್ಟ ಹುಡುಗಿಯನ್ನು ಎತ್ತಿಕೊಂಡು ಬಂದು ಮೇಜಿನ ಮೇಲೆ ಕೂರಿಸಿದಳು. "ಒಬ್ಬಳೇ ಓಡಾಡ್ತಿತ್ತು, ಪಾಪ" ಅಂದಳು. ಅತ್ತೆ ಬಗ್ಗಿ, "ಯಾರ ಮಗಳೇ ನೀನು?" ಎಂದು ಪ್ರೀತಿಯಿಂದಲೇ ಕೇಳಿದರು. ಆ ಪ್ರೀತಿಯ ಅಬ್ಬರಕ್ಕೆ ಹುಡುಗಿ ಬೆದರಿ, ಮೇಜಿನಿಂದ ಜಾರಿ ಅದರಡಿ ಸೇರಿಕೊಂಡಳು. ಫಾದರ್ ಕರೆದರೂ ಇಲ್ಲ, ಮೈಕ್‌ಸೆಟ್ಟಿನವನು ಕರೆದರೂ ಇಲ್ಲ. ತುಟಿ ಬಿಚ್ಚಲೊಲ್ಲಳು.

ಮೈಕಮ್ಮ ಸೆರಗು ಸಿಕ್ಕಿಸಿಕೊಂಡು ಮೇಜಿನಡಿ ತೂರಿದಳು. ಹುಡುಗಿಯ ಪಕ್ಕದಲ್ಲಿ ಮಂಡಿ ಮಡಚಿ ಕೂತು, ಇದ್ದಷ್ಟು ದನಿಯಲ್ಲಿ, "ನಂಗೂ ಆ ಅಜ್ಜಿ ಕಂಡ್ರೆ ಭಯ ಕಣೆ" ಅಂದಳು.

ಹುಡುಗಿ ಕಣ್ಣರಳಿಸಿದಳು. ಇದೇನೋ ಆಟ ಅನ್ನಿಸಿರಬೇಕು, ಅವಳೂ ಪಿಸುಗುಟ್ಟಿದಳು. "ನಿಮ್ಮನೇಲೇ ಇರ್ತಾರಾ?"

"ಹೂಂ. ದಿನಾ ಇರ್ತಾರೆ."

"ಅಯ್ಯೋ."

"ನಿಮ್ಮಪ್ಪ ಎಲ್ಲಿ ಕಂದಾ?"

"ಅಲ್ಲೇ. ಬಲೂನ್ ಮಾರ್ತಿದಾನೆ. ನಾನೇನೂ ಕಳೆದುಹೋಗಿರ್ಲಿಲ್ಲ. ಆ ಆಂಟಿನೇ ಎತ್ಕೊಂಡು ಬಂದ್ಬಿಟ್ರು."

ಮೇಜಿನಡಿಯಿಂದ ಮೈಕಮ್ಮನ ನಗು ಬುಸ್ ಬುಸ್ ಎಂದು ಹೊರಬಂತು. ಬಲೂನಿನವನು ಆ ಕಡೆ ಅಂಗಡಿಯ ಹಿಂದೆಲ್ಲ ಮಗಳನ್ನು ಹುಡುಕತೊಡಗಿದ್ದ, ಬಲೂನಿನ ಗೊಂಚಲು ಒಮ್ಮೆ ಅತ್ತ ಒಮ್ಮೆ ಇತ್ತ ಓಡುತ್ತಿತ್ತು. ಹುಡುಗಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಮೈಕಮ್ಮನೇ ಹೋಗಿ ಒಪ್ಪಿಸಿ ಬಂದಳು.

ವಾಪಸ್ ಬಂದಾಗ ಅತ್ತೆ ಕುರ್ಚಿ ಒರೆಸಿ ಇಟ್ಟಿದ್ದರು. "ಕೂತ್ಕೋ. ಅದ್ಹೇಗೆ ಬಾಯಿ ಬಿಡಿಸ್ದೆ ಅದನ್ನ? ಏನಂದೆ?" ಎಂದು ಕೇಳಿದರು.

"ನೀವು ತುಂಬಾ ಒಳ್ಳೆಯೋರು ಅಂದೆ ಅತ್ತೆ."

"ಏನಂದೆ? ಕೇಳಿಸ್ಲಿಲ್ಲ."

"ಏನಿಲ್ಲ" ಎಂದು ಕೈಯಾಡಿಸಿ ಮೈಕಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ ಮೊದಲು ಅತ್ತೆಗೇ ಕೊಟ್ಟಳು. ಇನ್ನು ಯಾರು ಕರೆದಾರು ಎಂಬ ಚಿಂತೆ ಯಾವಾಗ ಇಳಿದುಹೋಗಿತ್ತೋ ಅವಳಿಗೇ ಗೊತ್ತಾಗಲಿಲ್ಲ. ಮಿಕ್ಕ ಹೊತ್ತೆಲ್ಲ ಬಂದ ಮಕ್ಕಳನ್ನು ಅವಳು ಪಿಸುಮಾತಲ್ಲಿ ವಿಚಾರಿಸುವುದು, ಅತ್ತೆ ಅವರ ಹೆತ್ತವರನ್ನು ಮೈಕಿನಲ್ಲಿ ವಿಚಾರಿಸಿಕೊಳ್ಳುವುದು, ಹೀಗೇ ನಡೆಯಿತು.

ಮರುದಿನ ಅತ್ತೆಯ ಗಂಟಲೂ ಕಟ್ಟಿತು. ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಕೈಸನ್ನೆ ಮಾಡಿಕೊಂಡು, ಏನನ್ನೋ ನೆನೆಸಿಕೊಂಡು ದನಿಯಿಲ್ಲದೆ ನಗುತ್ತಿದ್ದರು. ಗಂಡ ಊಟಕ್ಕೆ ಕೂತ. ಒಂದೆರಡು ತುತ್ತು ತಿಂದು ಆ ಕಡೆ ಈ ಕಡೆ ನೋಡಿದ. ಕೊನೆಗೆ ತಟ್ಟೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೇ ಬಂದು ನಿಂತ.

"ಸಾರಿಗೆ ಉಪ್ಪು ಕಮ್ಮಿಯಾಗಿದೆ ಅಂತ ಹೇಳ್ತಿದೀನಿ" ಅಂದ. "ಯಾರಾದ್ರೂ ಒಬ್ರು ಬೈಯಿರಪ್ಪಾ, ಬೈಗುಳ ಇಲ್ದೆ ಊಟ ಸೇರ್ತಿಲ್ಲ."