ನಾಲ್ಕೇ ದಿನಕ್ಕೆ ತೀರುವ ಸೆಲ್ಲು

ಡಬ್ಬಿಯ ಮೇಲೆ ಒಂದು ವರ್ಷ ಬರುತ್ತದೆ ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಬಂದದ್ದು ನಾಲ್ಕು ದಿನ. ಎರಡು ಹೊಸ ಸೆಲ್ ಹಾಕಿದರೆ ಐದನೆಯ ದಿನ ಬೆಳಗ್ಗೆ ಕೀಬೋರ್ಡು ಸತ್ತು ಬಿದ್ದಿರುತ್ತಿತ್ತು. ಸುಳ್ಳು ಬರೆಯುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ ಎಂದು ಆ ಖಾಲಿ ಡಬ್ಬಿಗೇ ಬೈದಿದ್ದೇನೆ.

ಅದು ಬರೀ ಕೀಬೋರ್ಡಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ನಮ್ಮ ಯಜಮಾನರ ಬಾಯಿ ಎಂದರೆ ಅದೇ. ಇಲ್ಲಿನ ಪ್ಯಾರೀಸ್ ಕಾರ್ನರ್ ಪೇಟೆಯಲ್ಲಿ ಮೂವತ್ತು ವರ್ಷ ಬಟ್ಟೆ ದಲ್ಲಾಳಿಯಾಗಿದ್ದವರು. ಹುಬ್ಬಳ್ಳಿಯ ಕನ್ನಡ, ಇಲ್ಲಿಯ ತಮಿಳು, ಸೇಟುಗಳ ಹಿಂದಿ, ಮೂರರಲ್ಲೂ ಜಗಳವಾಡಿ ಗೆಲ್ಲುತ್ತಿದ್ದರು. ಈಗ ಕತ್ತಿನಲ್ಲೊಂದು ಕೊಳವೆ, ಅದರಲ್ಲೇ ಉಸಿರು. ಟ್ಯಾಬ್‌ನ ಗಾಜಿನ ಮೇಲೆ ಬೆರಳಿಟ್ಟರೆ ಕೈ ನಡುಗಿ ಒಂದರ ಬದಲು ಮೂರಕ್ಷರ ಬೀಳುತ್ತವೆ. ಅದಕ್ಕೇ ವೈರಿಲ್ಲದ ಈ ಕೀಬೋರ್ಡು. ಮಂಚದ ಮೇಲೆ ಕೂತು ಟೈಪು ಮಾಡಿ ಎಂಟರ್ ಒತ್ತಿದರೆ ಮೇಜಿನ ಮೇಲಿನ ಟ್ಯಾಬ್‌ನೊಳಗಿನ ಹೆಂಗಸು ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ ಓದುತ್ತಾಳೆ. ಅವರ ಬೈಗುಳವನ್ನು ಅವಳು ರೈಲು ಬರುವ ಸಮಾಚಾರದ ಹಾಗೆ ಹೇಳುವುದನ್ನು ಕೇಳಿ ಮೊದಮೊದಲು ನಕ್ಕಿದ್ದೆವು.

ನಾಲ್ಕು ದಿನಕ್ಕೊಮ್ಮೆ ಈ ಬಾಯಿ ಮುಚ್ಚಿಹೋದರೆ ನಗು ಎಲ್ಲಿಂದ ಬರಬೇಕು? ಸೆಲ್‌ನ ಕಂಪನಿ ಬದಲಾಯಿಸಿದೆ. ಬೆಸೆಂಟ್ ನಗರದ ಕಡಲ ಉಪ್ಪುಗಾಳಿಗೆ ಬಾಗಿಲ ಚಿಲಕವೇ ತುಕ್ಕು ಹಿಡಿಯುತ್ತದೆ, ಇದೂ ಹಿಡಿದಿರಬೇಕು ಎಂದು ಸೆಲ್ ಕೂರುವ ಜಾಗದ ತಗಡನ್ನು ರಬ್ಬರಿನಿಂದ ಉಜ್ಜಿದೆ. ಏನೂ ಆಗಲಿಲ್ಲ. ಮಗಳು ಮೊಬೈಲಿನಿಂದ ತಲೆ ಎತ್ತದೆ, "ಅಪ್ಪಾ ಆಫ್ ಪಣ್ಣಲ, ಅದಾನ್" ಎಂದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಜವಾಬು ಕೊಡುವುದು ನಮ್ಮ ಮನೆಯ ಪದ್ಧತಿ. ಅಪ್ಪ ಆಫ್ ಮಾಡದಿದ್ದರೆ ನೀನು ಮಾಡಬಾರದೇನೆ ಎಂದು ಅವಳ ಮೇಲೂ ರೇಗಿದೆ.

ಕೊನೆಗೆ ಕೊಂಡ ಅಂಗಡಿಗೇ ಜಗಳಕ್ಕೆ ಹೋದೆ. ಅಂಗಡಿಯವನು ಹೊಸ ಸೆಲ್ ಹಾಕಿ, ಎಲ್ಲ ಕೀಗಳನ್ನೂ ಒತ್ತಿ ನೋಡಿ ವಾಪಸ್ ಕೊಟ್ಟ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಇದು ತಾನೇ ನಿದ್ದೆ ಹೋಗುತ್ತದೆ, ನಿದ್ದೆಯಲ್ಲಿ ಸೆಲ್ ಖರ್ಚಾಗುವುದಿಲ್ಲ, ನಿಮ್ಮ ಮನೆಯಲ್ಲಿ ಯಾವುದೋ ಕೀ ಗಂಟೆಗಟ್ಟಲೆ ಒತ್ತಿಕೊಂಡೇ ಇರುತ್ತಿದೆ ಎಂದ. ತಪ್ಪು ನಮ್ಮದೇ ಎಂದ ಹಾಗಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನ ಜೊತೆ ಜಗಳವಾಡಿದೆ.

ಮರುದಿನ ಮಧ್ಯಾಹ್ನ ಕಳ್ಳರು ಸಿಕ್ಕಿಬಿದ್ದರು. ಊಟ ಮಾಡಿ ಮಲಗಿದ್ದ ಯಜಮಾನರು ಕೀಬೋರ್ಡನ್ನು ಎದೆಯ ಮೇಲೆ ಅವುಚಿಕೊಂಡಿದ್ದರು. ಮೊಳಕೈ ಕೀಗಳ ಮೇಲಿತ್ತು. ಮೇಜಿನ ಮೇಲೆ ಟ್ಯಾಬ್ ತುಂಬ ಕಕಕಕ ಎಂದು ಸಾಲುಸಾಲು ಹರಿಯುತ್ತಲೇ ಇತ್ತು. ನನಗೆ ಎಷ್ಟು ರೇಗಿತೆಂದರೆ ನಿದ್ದೆಯಲ್ಲಿದ್ದವರ ಕೈಯಿಂದ ಅದನ್ನು ಎಳೆದುಕೊಂಡೆ. ಎದ್ದು ಕೂತು ಕೈ ಚಾಚಿದರು. ಕೊಟ್ಟೆ. "ಬಾಜೂಕ ಇರ್ಲಿ" ಎಂದಳು ಟ್ಯಾಬ್‌ನ ಹೆಂಗಸು.

"ಯಾಕ ಮಗ್ಗಲದಾಗ ಬೇಕು? ನಿದ್ದಿಯೊಳಗ ಯಾರ ಕೂಡ ಮಾತಾಡ್ತೀರಿ?" ಎಂದೆ.

ಅವರು ಇನ್ನೇನೋ ಟೈಪು ಮಾಡತೊಡಗಿದ್ದರು. ನಾನು ಸ್ವಿಚ್ ಆಫ್ ಮಾಡಿ ಕಿತ್ತುಕೊಂಡು ಹೋಗಿ ಫ್ರಿಜ್ಜಿನ ಮೇಲಿಟ್ಟೆ. ಅಂದಿನಿಂದ ಅದೇ ಕಾನೂನು. ಊಟವಾದ ಕೂಡಲೇ ಕೀಬೋರ್ಡು ಫ್ರಿಜ್ಜಿನ ಮೇಲೆ, ಸಂಜೆ ಕಾಫಿಯ ಹೊತ್ತಿಗೆ ಅವರ ಕೈಗೆ. ರಾತ್ರಿಯೂ ಅಲ್ಲೇ. ಮೂರು ವಾರ ಸೆಲ್ ಬದಲಾಯಿಸಲಿಲ್ಲ. ಮೇಲಿನ ಮನೆಯವರಿಗೂ ಹೇಳಿಕೊಂಡು ಮೆರೆದೆ.

ಒಂದು ಮಧ್ಯಾಹ್ನ ಮಿಕ್ಸಿಯಲ್ಲಿ ಚಟ್ನಿಪುಡಿ ಮಾಡುತ್ತಿದ್ದೆ. ಮಿಕ್ಸಿ ನಿಲ್ಲಿಸಿದಾಗಲೆಲ್ಲ ಠಣ್ ಠಣ್ ಎಂದು ಕೇಳುತ್ತಿತ್ತು. ಕೆಳಗಿನ ಮನೆಯಲ್ಲಿ ರಿಪೇರಿ ನಡೆದಿತ್ತು. ಜನ ಮಲಗುವ ಹೊತ್ತಿನಲ್ಲಿ ಬಡಿಯುತ್ತಾರಲ್ಲ ಎಂದು ಅವರಿಗೆ ಶಾಪ ಹಾಕಿ ಮತ್ತೆ ಮಿಕ್ಸಿ ತಿರುಗಿಸಿದೆ. ಪುಡಿ ನುಣ್ಣಗಾಯಿತು. ಆಮೇಲೆ ಸದ್ದು ತಾನಾಗಿಯೇ ನಿಂತಿತು.

ಕೋಣೆಗೆ ಹೋದರೆ ಅವರು ನೆಲದ ಮೇಲೆ ಮಂಚಕ್ಕೊರಗಿ ಕೂತಿದ್ದರು. ಮುಖ ಕಪ್ಪಿಟ್ಟಿತ್ತು. ಕೈಯಲ್ಲಿ ಸ್ಟೀಲ್ ಲೋಟ, ಮಂಚದ ಕಬ್ಬಿಣದ ಕಾಲಿನ ಮೇಲೆ ಬಡಿದ ಗುರುತು. ಕಫ ಗಟ್ಟಿಯಾಗಿ ಕತ್ತಿನ ಕೊಳವೆಗೆ ಅಡ್ಡ ಕೂತಿತ್ತು. ಆಸ್ಪತ್ರೆಯಲ್ಲಿ ಕಲಿಸಿದಂತೆ ಅದರೊಳಗಿನ ಸಣ್ಣ ಕೊಳವೆ ಎಳೆದೆ. ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಕಫದೊಡನೆ ಕಿತ್ತು ಬಂದು ಉಸಿರು ಒಳಗೆ ಹೋದ ಸದ್ದು ಕೇಳಿಸಿತು. ಕೊಳವೆ ತೊಳೆದು ಮತ್ತೆ ಹಾಕಿದೆ. ಅವರ ಬೆನ್ನು ಸವರುತ್ತ ಕೂತೆ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಗಾಳಿಯಲ್ಲಿ ಬೆರಳಾಡಿಸಿ ಕೀಬೋರ್ಡು ಕೇಳಿದರು. ತಂದುಕೊಟ್ಟೆ. ಸ್ವಿಚ್ ಒತ್ತಿದೊಡನೆ ಹಸಿರು ದೀಪ ಹತ್ತಿಕೊಂಡಿತು. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ನನ್ನನ್ನು ಬೈಯಲಿ, ಹೊಟ್ಟೆ ತುಂಬ ಬೈಯಲಿ ಎಂದು ಕಾದೆ.

"ಸೆಲ್ ಉಳೀತೇನು?" ಎಂದಳು ಟ್ಯಾಬ್‌ನ ಹೆಂಗಸು, ಎಂದಿನ ದನಿಯಲ್ಲಿ.

ನನ್ನ ಹತ್ತಿರ ಸಿಟ್ಟು ಬೇಕಾದಷ್ಟಿತ್ತು. ತೀರಿಸಿಕೊಳ್ಳಲು ಈ ಸಲ ಬೇರೆ ಯಾರೂ ಸಿಗಲಿಲ್ಲ.