ಅಮ್ಮ ನನ್ನ ಬೈಗುಳ ಕೇಳಿಸಿಕೊಂಡಳು

ಅರವತ್ತೆಂಟನೇ ಇಸವಿ ದೀಪಾವಳಿ ಕಳೆದ ಮೇಲೆ ನಮ್ಮ ಯಜಮಾನರಿಗೆ ಬಂದ ಜ್ವರ ಬಿಡಲೇ ಇಲ್ಲ. ಹೊಸನಗರದಲ್ಲಿ ಅವರದು ದರ್ಜಿ ಅಂಗಡಿ. ಆ ವರ್ಷವೇ ಮದ್ರಾಸಿನ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಅವರ ಹೃದಯದ ಕೆಟ್ಟ ಕವಾಟ ತೆಗೆದು ಕೃತಕ ಕವಾಟ ಕೂರಿಸಿದ್ದರು. ಬದುಕಿ ಬಂದರೆ ಉರುಳು ಸೇವೆ ಮಾಡ್ತೀನಿ ಅಂತ ಅಮ್ಮನವರಿಗೆ ಹರಕೆ ಹೊತ್ತಿದ್ದರು. "ಮೊದ್ಲು ಮೈ ಗಟ್ಟಿಯಾಗ್ಲಿ" ಅಂದೆ. ಕೇಳುವ ಜನವೇ ಅಲ್ಲ! ದೀಪಾವಳಿಗೆ ಮೊದಲೇ ಒದ್ದೆ ಬಟ್ಟೆಯಲ್ಲಿ ದೇವಸ್ಥಾನದ ಕಲ್ಲಿನ ಅಂಗಳದ ಸುತ್ತ ಉರುಳಿದರು, ಮೊಣಕೈ ತರಚಿತು. ಅರಿಶಿನ ಹಚ್ಚಿದೆ. ಹಕ್ಕಳೆ ಕಟ್ಟಿತು, ಮರೆತೆವು.

ಜ್ವರಕ್ಕೆ ಊರಿನ ಡಾಕ್ಟರ ಮಾತ್ರೆ ಆಯ್ತು, ಕಷಾಯವೂ ಆಯ್ತು. ಕೊನೆಗೆ ತೀರ್ಥಹಳ್ಳಿಗೆ ಹೋಗಿ, ಬಸ್ಸು ಬದಲಾಯಿಸಿ, ಆಗುಂಬೆ ಘಾಟಿ ಇಳಿದೆವು. ತಿರುವು ತಿರುವಿಗೂ ಅವರ ತಲೆ ನನ್ನ ಹೆಗಲ ಮೇಲೆ ಬೀಳುತ್ತಿತ್ತು. ಮೈ ಕೆಂಡ.

ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಸೇರಿಸಿ ಕೆಲವು ದಿನ ಕಳೆದ ಮೇಲೆ ಅಲ್ಲಿನ ಡಾಕ್ಟರು ನನ್ನನ್ನು ಹೊರಗೆ ಕರೆದರು. "ಹಾಕಿದ ಕವಾಟಕ್ಕೇ ಸೋಂಕು ಹತ್ತಿದೆ ಅಮ್ಮ. ಪೆನಿಸಿಲಿನ್ ಕೊಟ್ರೂ ಜಗ್ಗುದಿಲ್ಲ. ನೀವು ಧೈರ್ಯ ತಗೊಳ್ಬೇಕು."

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಮಂಚದ ಪಕ್ಕ ಹೋಗಿ ನಿಂತು, ಸೆರಗಿನ ಗಂಟಿನಲ್ಲಿದ್ದ ಕುಂಕುಮ ಹಿಡಿದು ಅಮ್ಮನವರಿಗೇ ಬೈದೆ. "ನಿನ್ನ ಅಂಗಳದಲ್ಲಿ ಉರುಳಿ ಕೈ ಗಾಯ ಮಾಡ್ಕೊಂಡ ಮನುಷ್ಯ ಕಣೇ ಇವ್ರು! ಕೊಟ್ಟ ಜೀವ ಕಿತ್ಕೊಳ್ಳೋಕೆ ನಾಚಿಕೆ ಆಗಲ್ವಾ? ನನ್ನ ತಾಳಿ ಉಳಿಸು, ಇಲ್ದಿದ್ರೆ ನಿನ್ನ ಬಾಗಿಲಿಗೆ ಕಾಲಿಡಲ್ಲ!"

"ಎಂತ ಗಾಯ? ಎಲ್ಲಿ?" ಡಾಕ್ಟರು ನನ್ನ ಹಿಂದೆಯೇ ಬಂದಿದ್ದರು. "ಎಲ್ಲಾದ್ರೂ ಗಾಯ ಆಗಿತ್ತಾ ಅಂತ ಮೊದಲ ದಿನವೇ ಕೇಳಿದ್ದೆ. ಇಲ್ಲ ಅಂದಿದ್ರಲ್ಲ ಇವರು!"

ನಾನು ಗಂಜಿ ತರಲು ಹೋದಾಗ ಕೇಳಿದ್ದರಂತೆ. ಯಜಮಾನರು ಅಂಗಿಯ ತೋಳು ಕೆಳಗೆಳೆದುಕೊಂಡು, "ಅಮ್ಮನ ಸೇವೇಲಿ ಕಾಯಿಲೆ ಬಂತು ಅಂತ ಜನ ಆಡ್ಕೊಳ್ಳಲ್ವಾ? ಅವಳ ಹೆಸರು ಕೆಡಿಸ್ಲಾ?" ಅಂದರು. ಅಯ್ಯೋ ದೇವರೇ! ಜೀವ ಹೋಗ್ತಿದೆ, ಇವರಿಗೆ ದೇವಿಯ ಮಾನದ ಚಿಂತೆ.

ಹಕ್ಕಳೆ ಎತ್ತಿದರೆ ಅಡಿಯಲ್ಲಿ ಕೀವು. ಅದನ್ನು ಪರೀಕ್ಷೆ ಮಾಡಿಸಿ, ಸೋಂಕು ಇಲ್ಲಿಂದಲೇ ರಕ್ತಕ್ಕೆ ಸೇರಿ ಕವಾಟಕ್ಕೆ ಹತ್ತಿದೆ, ಈ ರೋಗಾಣುವಿಗೆ ಬೇರೆ ಮದ್ದೇ ಬೇಕು ಅಂತ ಇಂಜೆಕ್ಷನ್ ಬದಲಾಯಿಸಿದರು. ಜ್ವರ ನಿಧಾನಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಗಂಜಿ ಮುಂದಿಟ್ಟರೆ, "ಉಪ್ಪಿನಕಾಯಿ ಇಲ್ವಾ?" ಅಂದರು ನೋಡಿ, ಅವತ್ತು ಹೊರಗೆ ಹೋಗಿ ಮನಸಾರೆ ಅತ್ತೆ.

ಬಂಧುಗಳೇ, ಅಮ್ಮನ ಮುಂದೆ ಏನನ್ನೂ ಮುಚ್ಚಿಡಬೇಡಿ. ಸಿಟ್ಟು ಬಂದರೆ ಸಿಟ್ಟನ್ನೇ ಒಪ್ಪಿಸಿ. ಹೆತ್ತವಳಿಗೆ ಮಕ್ಕಳ ಬಾಯಿ ಹೊಸದಲ್ಲ.

ಊರಿಗೆ ಮರಳಿ ದೇವಸ್ಥಾನಕ್ಕೆ ಹೋದಾಗ ಯಜಮಾನರು, "ಹಾಗೆಲ್ಲ ಬೈದೆಯಲ್ಲ, ತಪ್ಪು ಕಾಣಿಕೆ ಹಾಕು" ಅಂದರು.

"ನಾನ್ಯಾಕೆ ಹಾಕ್ಲಿ? ನೀವು ಅವಳ ಮಾನ ಕಾಯೋಕೆ ಹೋದ್ರಿ. ಅವಳು ನನ್ನ ಬಾಯಲ್ಲಿ ಬೈಸ್ಕೊಂಡೇ ಡಾಕ್ಟರಿಗೆ ಗಾಯ ತೋರಿಸಿದ್ಲು, ನಿಮ್ಮ ಜೀವ ಕಾಯೋಕೆ ತನ್ನ ಮಾನ ನೋಡ್ಲಿಲ್ಲ" ಅಂದೆ.

ಅವರು ಅಮ್ಮನ ಕಡೆ ನೋಡುತ್ತಾ ಅಲ್ಲೇ ಕಣ್ಣೊರೆಸಿಕೊಂಡರು.