ಮನೋಲಿಸ್‌ನ ಊರಿನ ಸುದ್ದಿ

ಜರ್ಮನ್ ನಗರವೊಂದರ ಫೊಯರ್‌ಬಾಕ್ ಬಡಾವಣೆಯ ತರಕಾರಿ ಅಂಗಡಿಯ ಮುದುಕ ಮನೋಲಿಸ್, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಗ್ರೀಸಿನ ದ್ವೀಪದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಸಮುದ್ರ ಹೇಗಿದೆ ಎಂದು ಕೇಳುವುದನ್ನು ಒಂದು ದಿನವೂ ತಪ್ಪಿಸಿದವನಲ್ಲ. ದೋಣಿ ಬಂತೇ, ಬೆಟ್ಟದ ಮೇಲೆ ಮೋಡ ಕೂತಿದೆಯೇ, ಎಲ್ಲವೂ ಅವನಿಗೆ ಬೇಕು. ಟೊಮೆಟೊಗೆಂದು ಹೋದವರು ಅವನ ಊರನ್ನು ಸುತ್ತಿಯೇ ಹೊರಬೀಳಬೇಕು. “ಮೂರು ಕಡೆ ಬೆಟ್ಟ, ಎದುರಿಗೆ ನೀರು. ಅಲ್ಲಿ ಅಲೆಗಳೂ ಬರಿಗಾಲಲ್ಲಿ ಬರುತ್ತವೆ” ಎನ್ನುತ್ತಾನೆ. ಅದನ್ನು ಕೇಳಿ ಅರ್ಧ ಬಡಾವಣೆಯೇ ರಜೆಗೆ ಅಲ್ಲಿಗೆ ಹೋಗಿಬಂದಿದೆ. ಅವನು ಮಾತ್ರ ಆರು ವರ್ಷದಿಂದ ಹೋಗಿಲ್ಲ. ಕಾರಣ ಅದೇ ಬಡಾವಣೆಯಲ್ಲಿರುವ ಧಾರವಾಡದ ಸೌಭಾಗ್ಯಳಿಗೆ ತಿಳಿದದ್ದು ಒಂದು ಸಂಜೆ, ಸ್ಮಶಾನದಲ್ಲಿ. ಹೆಂಡತಿಯ ಸಮಾಧಿಯ ಹೂಗಿಡಗಳಿಗೆ ನೀರು ಹಾಕುತ್ತ ಅವನು ಬೆಳಗಿನ ಸುದ್ದಿಯನ್ನೆಲ್ಲ ಅವಳಿಗೆ ಒಪ್ಪಿಸುತ್ತಿದ್ದ. ಹೆಂಡತಿಯೂ ಅವನ ಊರಿನವಳೇ. ನನ್ನ ಕಣ್ಣು ಪೂರ್ತಿ ಹೋಗುವ ಮೊದಲು ಒಮ್ಮೆ ಮುಖ ತೋರಿಸು ಎಂದು ಅಕ್ಕ ಫೋನಿನಲ್ಲಿ ಅತ್ತದ್ದನ್ನು ಸೌಭಾಗ್ಯಳಿಗೂ ಹೇಳಿದ. “ಎಂಟು ದಿನ ಹೋಗಿ ಬರ್ರಿ ಕಾಕಾ, ನೀರು ನಾ ಹಾಕ್ತೀನಿ” ಎಂದಳು ಸೌಭಾಗ್ಯ. ಅವನು ತುಂಬಿದ ಕ್ಯಾನನ್ನು ಕೈ ಬದಲಿಸಿ ಹಿಡಿದ. “ನೀರೇನೋ ಹಾಕುತ್ತೀ ಮಗಳೇ. ಸಮುದ್ರ ಹೇಗಿದೆ ಎಂದು ಇವಳು ಕೇಳಿದರೆ? ನಿನಗೆ ನಮ್ಮ ಭಾಷೆ ಬರುವುದಿಲ್ಲವಲ್ಲ. ಬೇಡ.”